ಕಡವು ಬದಲಿಸಿದ ಅಂಬಿಗ

"ಗುರುಗಳೇ, ಸರ್ವರ್ ನೆಟ್ಟಗೆ ಕೆಲಸ ಮಾಡುತ್ತಿದೆ. ಆದರೂ ಈ ಟೂಲ್ 'ಸರ್ವರ್ ಇಲ್ಲ' ಎಂದು ಕೆಂಪು ಗುರುತು ತೋರಿಸುತ್ತದೆ. ಪೋರ್ಟ್ ಬದಲಾದದ್ದು ಬಳಸುವವರಿಗೆಲ್ಲ ಗೊತ್ತು. ಇದಕ್ಕೂ ಕೂತು ಹೇಳಬೇಕೇ? ಇರುವುದು ತಾನಾಗಿ ಕಾಣಬಾರದೇ?"

ಕೇಳಿದವಳು ದಾಕ್ಷಾಯಣಿ, ಪರ್ವತಯ್ಯನವರ ಬಳಿ ಕಂಪ್ಯೂಟರ್ ವಿದ್ಯೆ ಕಲಿಯುತ್ತಿದ್ದವಳು. ಹಳೆಯ ಪೋರ್ಟನ್ನು, ಅಂದರೆ ಸರ್ವರ್ ಸಿಗುವ ಬಾಗಿಲಿನ ಸಂಖ್ಯೆಯನ್ನು, ಬೇರೊಂದು ಪ್ರೋಗ್ರಾಂ ಹಿಡಿದು ಕೂತಿತ್ತೆಂದು ತನ್ನ ಸರ್ವರನ್ನು ಇನ್ನೊಂದು ಪೋರ್ಟಿಗೆ ಸಾಗಿಸಿದ್ದಳು. ಸರ್ವರ್ ಇದೆಯೇ ಇಲ್ಲವೇ ಎಂದು ನೋಡಿ ಹೇಳುವ ಟೂಲಿನ ಸೆಟ್ಟಿಂಗ್‌ನಲ್ಲಿ ಹಳೆಯ ಸಂಖ್ಯೆಯೇ ಉಳಿದಿತ್ತು. ಅದನ್ನು ತಿದ್ದುವ ಬದಲು ಕೆಂಪು ಗುರುತೇ ಕಾಣದಂತೆ ಮಾಡಿಬಿಡೋಣ ಎಂಬುದು ಅವಳ ಯೋಚನೆ.

ಪರ್ವತಯ್ಯನವರು ಪರದೆಯ ಕಡೆ ನೋಡಲೇ ಇಲ್ಲ. "ಕೂತುಕೋ ತಾಯಿ" ಎಂದು ಕತೆ ಶುರು ಮಾಡಿದರು.

ಒಂದು ಹೊಳೆ. ಹೊಳೆಗೆ ಒಬ್ಬ ಅಂಬಿಗ. ದಡದಲ್ಲೊಂದು ಹುಣಸೆ ಮರ, ಅದರ ಬುಡದಲ್ಲಿ ಜನ ಹರಿಗೋಲು ಹತ್ತುವ ಅವನ ಕಡವು. ಅವನ ಅಜ್ಜ ಹರಿಗೋಲು ಕಟ್ಟಿದ್ದೂ ಅಲ್ಲೇ, ಅಪ್ಪ ಕಟ್ಟಿದ್ದೂ ಅಲ್ಲೇ. ಹಿಂದೆ ಗುಡ್ಡ, ಗುಡ್ಡದ ಮೇಲೊಬ್ಬ ಕುಂಟ ಕಾವಲುಗಾರ. ಅವನ ಕೆಲಸ ಒಂದೇ. ಬೆಳಗ್ಗೆ ಎದ್ದು ಮರದ ಬುಡ ನೋಡಬೇಕು. ಹರಿಗೋಲು ಕಂಡರೆ ಗಳಕ್ಕೆ ಬಿಳಿ ಬಟ್ಟೆ ಏರಿಸಬೇಕು. ಕಾಣದಿದ್ದರೆ ಏರಿಸಬಾರದು.

ಆಚೆ ದಡದಲ್ಲಿ ಹೊಳೆ ಇನ್ನೂ ದೂರವಿರುವಾಗಲೇ ದಾರಿ ಕವಲೊಡೆಯುತ್ತಿತ್ತು. ಅಲ್ಲಿ ಗಾಡಿ ನಿಲ್ಲಿಸಿ ಎಲ್ಲರೂ ಗುಡ್ಡದ ಕಡೆ ನೋಡುತ್ತಿದ್ದರು. ಬಟ್ಟೆ ಇದ್ದರೆ ಹೊಳೆಗೆ, ಇಲ್ಲದಿದ್ದರೆ ಸುತ್ತು ದಾರಿಯಲ್ಲಿ ಸೇತುವೆಗೆ. ಹೊಳೆಯ ತನಕ ಇಳಿದು ನೋಡಿ ಬರುವ ಪದ್ಧತಿಯೇ ಇರಲಿಲ್ಲ.

ಒಂದು ವರ್ಷ ಮರದ ಕೆಳಗೆ ನೀರು ಸುಳಿ ಸುತ್ತತೊಡಗಿತು. ಅಂಬಿಗ ಬುದ್ಧಿವಂತ. ಹರಿಗೋಲನ್ನು ದೂರದ ಬಂಡೆಯ ಪಕ್ಕಕ್ಕೆ, ಮೀನು ಹಿಡಿಯುವವರ ಹರಿಗೋಲುಗಳ ಸಾಲಿಗೆ ಸಾಗಿಸಿದ. ಈಚೆ ದಡದ ಊರಿಗೆಲ್ಲ ಹೇಳಿದ. ಗುಡ್ಡ ಹತ್ತಿ ಕಾವಲುಗಾರನಿಗೆ ಮಾತ್ರ ಹೇಳಲಿಲ್ಲ. "ಅವನಿಗೇನು ಧಾಡಿ? ಕಣ್ಣಿದೆ, ನೋಡಿಕೊಳ್ಳುತ್ತಾನೆ" ಎಂದುಕೊಂಡ. ಊರವರು, ಅಂಬಿಗ ಹೇಳಿಯೇ ಇರುತ್ತಾನೆ ಎಂದುಕೊಂಡರು. ನಡುನಡುವೆ ಅಂಬಿಗನಿಗೆ ನೆನಪಾಗುತ್ತಿತ್ತು. ಬಿಸಿಲಿದ್ದರೆ ನಾಳೆ ಹತ್ತೋಣ, ಮೈ ನೋಯುತ್ತಿದ್ದರೆ ನಾಡಿದ್ದು. ಅಯ್ಯೋ, ನಾಳೆಗೆ ಕೊನೆ ಎಲ್ಲಿದೆ!

ಆಚೆ ದಡದ ಜನ ಬರುವುದು ನಿಂತೇಹೋಯಿತು. ಕಡವು ಸರಿದ ಸುದ್ದಿ ಕೇಳಿದ್ದವರೂ ಬಟ್ಟೆ ಕಾಣದೆ, ಇವತ್ತು ಅಂಬಿಗ ಇಲ್ಲವೆಂದು ತಿರುಗಿ ಹೋಗುತ್ತಿದ್ದರು. ಅಂಬಿಗನಿಗೆ ಮೈಯೆಲ್ಲ ಉರಿ. "ಇವರಿಗೆ ಸೇತುವೆಯ ಶೋಕಿ ಹತ್ತಿದೆ" ಎಂದು ಬೈದ. ಬೈದರೂ ಕೆಲಸ ಬಿಟ್ಟವನಲ್ಲ. ಬೆಳಕು ಹರಿಯುವ ಮೊದಲೇ ಹರಿಗೋಲಿನ ನೀರು ಗೋರಿ, ಹುಟ್ಟು ಒರೆಸಿಟ್ಟು ಕಾಯುತ್ತಿದ್ದ. ಅಷ್ಟು ನಿಯತ್ತಿನ ಅಂಬಿಗ ಆ ಹೊಳೆಗೆ ಇನ್ನೊಬ್ಬನಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಆಚೆ ದಡದ ಊರಿಗೆ ಕೊಟ್ಟಿದ್ದ. ತುಂಬಿದ ಬಸುರಿ. ನೋವು ಎದ್ದಿತು, ಮಗು ಅಡ್ಡ ತಿರುಗಿತ್ತು, ಸೂಲಗಿತ್ತಿ ಕೈಚೆಲ್ಲಿದಳು. ವೈದ್ಯ ಇದ್ದದ್ದು ಈಚೆ ದಡದಲ್ಲಿ, ಅಂಬಿಗನ ಮನೆಯ ಪಕ್ಕದಲ್ಲೇ. ಗಂಡ ಗಾಡಿ ಕಟ್ಟಿದ. ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಹೊಳೆಗೆ ಹೋಗೋಣ, ಅಪ್ಪ ಇರುತ್ತಾನೆ."

ಕವಲಿನಲ್ಲಿ ಗಾಡಿ ನಿಂತಿತು. ಗುಡ್ಡದ ಮೇಲೆ ಬಟ್ಟೆ ಇರಲಿಲ್ಲ. ಗಂಡ ಎತ್ತುಗಳನ್ನು ಸೇತುವೆಯ ದಾರಿಗೆ ತಿರುಗಿಸಿದ.

ಆ ಹೊತ್ತಿಗೆ ಅಂಬಿಗ ಬಂಡೆಯ ಪಕ್ಕದಲ್ಲಿ ಹುಟ್ಟು ಹಿಡಿದು ಕೂತಿದ್ದ. ನೀರು ತಣ್ಣಗಿತ್ತು, ಹರಿಗೋಲು ತಯಾರಿತ್ತು. ಯಾರೂ ಬರಲಿಲ್ಲ. ಸಂಜೆ ಉಳಿದ ಬುತ್ತಿ ಉಂಡು ಮನೆಗೆ ಹೋದ.

ಮರುದಿನ ಅಳಿಯನ ಗಾಡಿ ಸೇತುವೆಯ ಕಡೆಯಿಂದ ಬಂತು. ಮಗಳ ಮೇಲೆ ಕಂಬಳಿ ಹೊದಿಸಿತ್ತು. ಮುಖದ ಮೇಲೂ ಹೊದಿಸಿತ್ತು.

"ಸೇತುವೆ ಮುಟ್ಟುವ ಮೊದಲೇ ಹೋದಳು ಮಾವ. ಬಟ್ಟೆ ಇರಲಿಲ್ಲ" ಎಂದ ಅಳಿಯ.

ಅಂಬಿಗ ಗುಡ್ಡ ಹತ್ತಿದ. ಇಷ್ಟು ದಿನ ಹತ್ತಲಾಗದ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾವಲುಗಾರನ ಎದೆಯ ಮೇಲಿನ ಅಂಗಿ ಹಿಡಿದು ಜಗ್ಗಿದ. "ನಾನಿದ್ದೆನಲ್ಲೋ ಪಾಪಿ! ದಿನಾ ಇದ್ದೆನಲ್ಲೋ!"

ಕಾವಲುಗಾರ ಅವನ ಮುಖ ನೋಡಿದವನೇ ಅಳತೊಡಗಿದ. "ಬದುಕಿದ್ದೀಯಾ ಅಣ್ಣ? ದಿನಾ ಬೆಳಗ್ಗೆ ಮರದ ಬುಡ ನೋಡಿದೆ, ನೀನಿರಲಿಲ್ಲ. ಸುಳಿ ಬೇರೆ ಎದ್ದಿತ್ತು. ಹೊಳೆಯ ಪಾಲಾದೆ ಅಂದುಕೊಂಡೆ. ಇಳಿದು ಕೇಳೋಣವೆಂದರೆ ಈ ಕಾಲು."

ಅಂಬಿಗನ ಕೈ ಸಡಿಲವಾಯಿತು. ಹೊಡೆಯಲು ಬಂದವನಿಗೆ ಹೊಡೆಯುವುದಕ್ಕೆ ಯಾರೂ ಸಿಗಲಿಲ್ಲ. ಆ ಗುಡ್ಡದ ಮೇಲೆ ಕುಕ್ಕರಿಸಿ, ಕೆಳಗೆ ಬಂಡೆಯ ಪಕ್ಕದಲ್ಲಿ ತೇಲುತ್ತಿದ್ದ ತನ್ನ ಹರಿಗೋಲನ್ನು ನೋಡುತ್ತ ಕೂತ. ಅಲ್ಲಿಂದ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಾಲ್ಕಾರು ಹರಿಗೋಲುಗಳ ನಡುವೆ ಅದು ತನ್ನದೆಂದು ತಿಳಿದಿದ್ದವನು ಅವನೊಬ್ಬನೇ.

ಆಮೇಲೆ ಬಟ್ಟೆ ಏರಿತು. ಆಚೆ ದಡದ ಜನ ಮತ್ತೆ ಬಂದರು. ಅವನು ಎಲ್ಲರನ್ನೂ ದಾಟಿಸಿದ. ಹರಿಗೋಲು ಹತ್ತುವ ಒಬ್ಬೊಬ್ಬ ಹೆಣ್ಣುಮಗಳ ಮುಖವನ್ನೂ ನೋಡುತ್ತಿದ್ದ. ನೋಡಿ ತಲೆ ತಗ್ಗಿಸಿ ಹುಟ್ಟು ಹಾಕುತ್ತಿದ್ದ. ಹೀಗೆಯೇ ಮುದುಕನಾದ.

ಪರ್ವತಯ್ಯನವರು ಕತೆ ಮುಗಿಸಿದರು. ದಾಕ್ಷಾಯಣಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅಲ್ಲ ಗುರುಗಳೇ, ಆ ಕಾವಲುಗಾರ ಒಂದೇ ಒಂದು ಸಲ ಬಂಡೆಯ ಕಡೆ ಹುಡುಕಬಾರದಿತ್ತೇ?"

"ಗುಡ್ಡ ಹತ್ತಿ ಹೇಳಬೇಕಾಗಿದ್ದವನು ತಾನೇ ಎಂದು ಗೊತ್ತಿದ್ದರೂ ಅಂಬಿಗನೂ ಸಾಯುವ ತನಕ ಅದನ್ನೇ ಕೇಳುತ್ತಿದ್ದ, ತಾಯಿ."