ಜಾರಿದ ಮೇಲೆ ಕರೆದ ಗಾಲಿ

ಸಣ್ಣ ಎಸ್‌ಯುವಿಯೊಂದನ್ನು ದಿನವೂ ಮುಂದಿನ ಗಾಲಿಯೇ ಎಳೆಯುತ್ತಿತ್ತು. ಹಿಂದಿನ ಗಾಲಿ ಸುಮ್ಮನೆ ಉರುಳುತ್ತಿತ್ತು. ಒಂದು ಸಂಜೆ ಒಡತಿ ಜೆಸಿಂತಾ ಗಾಡಿಯನ್ನು ಕಡಲತೀರದ ಮರಳಿಗೆ ಇಳಿಸಿದಳು.

"ಮರಳು ಸಡಿಲವಾಗಿದೆ, ನಾನೂ ಬಲ ಹಾಕಲೇ?" ಎಂದಿತು ಹಿಂದಿನ ಗಾಲಿ.

"ಜಾರಿದರೆ ಕರೆಯುತ್ತೇನೆ," ಎಂದಿತು ಮುಂದಿನದು.

ಅದು ಜಾರಿತು, ಅರ್ಧ ಹೂತುಹೋಯಿತು, ಆಮೇಲೆ ಕರೆಯಿತು. ನಡುವೆ ಇದ್ದ ಕ್ಲಚ್ಚು ಬಿಗಿಯಾಗಿ ಹಿಡಿದು ಎಂಜಿನ್ನಿನ ಬಲವನ್ನು ಹಿಂದಕ್ಕೆ ದಾಟಿಸಿತು. ಹಿಂದಿನ ಗಾಲಿ ತನ್ನೆಲ್ಲ ಶಕ್ತಿ ಹಾಕಿದರೂ ಗಾಡಿ ಅಲುಗಲಿಲ್ಲ.

"ಮೈ ಸುಡುತ್ತಿದೆ, ಇನ್ನು ತಾಳಲಾರೆ," ಎಂದು ಕ್ಲಚ್ಚು ಹಿಡಿತ ಬಿಟ್ಟಿತು.

ಕಡಲು ಉಬ್ಬರವೇರಿ ಗಾಲಿಗಳನ್ನು ಮುಟ್ಟಿತು. ಜೆಸಿಂತಾ ಇಳಿದು ದಡದತ್ತ ಓಡಿದಳು.

"ಮೊದಲೇ ಕರೆಯಬಾರದಿತ್ತೇ?" ಎಂದಿತು ಹಿಂದಿನ ಗಾಲಿ.

"ಆಗ ನೀನು ಬೇಕಿರಲಿಲ್ಲ," ಎಂದಿತು ಮುಂದಿನ ಗಾಲಿ. ಅಷ್ಟರಲ್ಲಿ ನೀರು ಬಾಗಿಲಿನ ಮಟ್ಟಕ್ಕೆ ಏರಿತ್ತು.