ಬೇರಿನ ಕಪ್ಪು ಮಣ್ಣು

“ಗುರುಗಳೇ, ನಮ್ಮ ಮನೆಯಲ್ಲಿ ಸೊಸೆಗೆ ಏನು ಕಡಿಮೆಯಾಗಿದೆ?”

ಉಪೇಂದ್ರ ಪ್ರಭು ಕೂರುವ ಮೊದಲೇ ಕೇಳಿದ. ಅವನು ಮಠದ ಹಳೆಯ ಶಿಷ್ಯ, ಸಂಸಾರವಂದಿಗ. ಮಾತು ಶುರುವಾದರೆ ನಿಲ್ಲಿಸುವವನಲ್ಲ.

“ಮದುವೆಯಾಗಿ ಎರಡು ವರ್ಷವಾಯಿತು. ನಮ್ಮ ಪದ್ಧತಿಯಂತೆ ಮಗನ ಕೈಯಿಂದ ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಸಿ, ವರದಾ ಎಂದು ಚೆಂದದ ಹೊಸ ಹೆಸರಿಟ್ಟು ಮನೆತುಂಬಿಸಿಕೊಂಡೆವು. ಉಡಲು ಉಣ್ಣಲು ಕೊರತೆಯಿಲ್ಲ. ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಆದರೂ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುತ್ತಾಳೆ. ಒಂದೆರಡು ಸಲ ಕರೆದರೂ ತಿರುಗುವುದಿಲ್ಲ. ‘ಈ ಸಲ ತವರಿಗೆ ಹೋದರೆ ಮತ್ತೆ ಬರುವುದಿಲ್ಲವೇನೋ ಅಪ್ಪಾ’ ಎಂದು ಮೊನ್ನೆ ಮಗ ಅಂದ. ನಾವು ಇನ್ನೇನು ಕೊಡಬೇಕು?”

“ಕೊಡುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಕೇಳುವುದಷ್ಟೇ ನಿನಗೆ ಕಷ್ಟ. ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಹಿಮದ ಬೆಟ್ಟಗಳ ತಪ್ಪಲಿನ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಬೆಟ್ಟಕ್ಕೆ ಉಪ್ಪು ಒಯ್ದು ಉಣ್ಣೆ ತರುವುದು ಅವನ ವ್ಯಾಪಾರ. ಹೆಂಡತಿ ಮಕ್ಕಳಿರಲಿಲ್ಲ. ಇದ್ದದ್ದು ಒಂದು ತೋಟ ಮತ್ತು ಅತಿಯಾದ ಮಡಿ. ಸಂಜೆಯಾದರೆ ಗಿಡಗಳೊಡನೆ ಮಾತಾಡುತ್ತಿದ್ದ. ಗಿಡಗಳು ಎದುರಾಡುತ್ತಿರಲಿಲ್ಲ. ಅದೂ ಅವನಿಗೆ ಅನುಕೂಲವೇ ಆಗಿತ್ತು.

ಒಂದು ವಸಂತದಲ್ಲಿ ಅವನು ಬೆಟ್ಟ ಹತ್ತಿದ. ಮರಗಳು ಮುಗಿದು ಬರೀ ಕಲ್ಲು, ಹಿಮ ಉಳಿಯುವ ಎತ್ತರದಲ್ಲಿ ಒಂದು ಇಳಿಜಾರಿನ ತುಂಬ ಕೆಂಪು ಹೂ ಕಂಡ. ಮೊಣಕಾಲೆತ್ತರದ ಪೊದೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಗೊಬ್ಬರ ಹಾಕುವವರಿಲ್ಲ, ನೀರು ಹೊಯ್ಯುವವರಿಲ್ಲ. ‘ಈ ಚಳಿಯಲ್ಲೇ ಇಷ್ಟು ಹೂವಾದರೆ ನನ್ನ ತೋಟದಲ್ಲಿ ಇನ್ನೆಷ್ಟು!’ ಎಂದುಕೊಂಡು ಒಂದು ಗಿಡವನ್ನು ಅಗೆದು ತಂದ. ಬೆಟ್ಟದವರ ಬಾಯಲ್ಲಿ ಅದಕ್ಕೊಂದು ಹೆಸರಿತ್ತು. ಅವನು ವಿಚಾರಿಸಲಿಲ್ಲ. ಮಾಣಿಕ್ಯ ಎಂದು ತಾನೇ ಕರೆದ.

ಹೊರಗಿನಿಂದ ಬಂದದ್ದು ಯಾವುದೂ ತೊಳೆಯದೆ ಅವನ ಮನೆಯನ್ನು ಹೊಗುವಂತಿರಲಿಲ್ಲ. ಉಪ್ಪನ್ನು ತೊಳೆಯಲಾಗುವುದಿಲ್ಲವಲ್ಲ ಎಂದು ಕೊರಗುತ್ತಿದ್ದ ಮನುಷ್ಯ ಅವನು. ಗಿಡವನ್ನು ನೇರ ಬಾವಿಕಟ್ಟೆಗೆ ಒಯ್ದ. ಬೇರಿಗೆ ಅಂಟಿದ್ದ ಕಪ್ಪು ಮಣ್ಣು ಹೋಗುವವರೆಗೆ ಕೊಡಗಟ್ಟಲೆ ನೀರು ಸುರಿದ. ಬೇರು ಚೊಕ್ಕಟವಾದ ಮೇಲೆ ಅವನಿಗೆ ಸಮಾಧಾನವಾಯಿತು. ಅಂಗಳದ ನಡುವೆ ಕಟ್ಟೆ ಕಟ್ಟಿಸಿ, ಜರಡಿ ಹಿಡಿದ ಮಣ್ಣು ತುಂಬಿ ನೆಟ್ಟ. ಬೂದಿ ಹಾಕಿದ, ಸಗಣಿ ಗೊಬ್ಬರ ಹಾಕಿದ, ಬಿಸಿಲಿಗೆ ಚಪ್ಪರವನ್ನೂ ಹಾಕಿಸಿದ.

ಗಿಡ ಸಾಯಲಿಲ್ಲ. ಸತ್ತಿದ್ದರೆ ಅವನು ಅತ್ತು ಮರೆಯುತ್ತಿದ್ದನೇನೋ. ಎಲೆಗಳು ಸುರುಳಿಯಾಗಿ ಕೆಳಗೆ ಜೋತುಬಿದ್ದವು. ಮತ್ತೆ ವಸಂತ ಬಂದಾಗ ಮಲ್ಲಿಗೆ ಬಿರಿಯಿತು, ಸಂಪಿಗೆ ಬಿರಿಯಿತು. ಇದು ಒಂದು ಮೊಗ್ಗನ್ನೂ ಬಿಡಲಿಲ್ಲ. ತುಂಬಿದ ತೋಟದ ನಡುವೆ ಅದೊಂದೇ ಪರದೇಶಿಯಾಗಿ ನಿಂತಿತ್ತು.

ವರ್ತಕ ಅದರೆದುರು ಕೂತು, ‘ನಿನಗೆ ನಾನು ಏನು ಕಡಿಮೆ ಮಾಡಿದ್ದೇನೆ?’ ಎಂದು ಕೇಳಿದ. ಕೇಳುತ್ತ ಅಳು ಬಂತು. ಆಮೇಲೆ ಸಿಟ್ಟು ಬಂತು. ಇದು ಜಂಬದ ಗಿಡ, ಬೇರೆಯದನ್ನು ತರುತ್ತೇನೆ ಎಂದು ಮತ್ತೆ ಬೆಟ್ಟ ಹತ್ತಿದ.

ಅದೇ ಇಳಿಜಾರು, ಅದೇ ಹೂವು. ಒಂದು ಗಿಡವನ್ನು ಹಿಡಿದು ಎಳೆದ. ಅದು ಬರಲಿಲ್ಲ. ನೆಲದ ಮೇಲೆ ಕೂತು ಕೈಯಿಂದಲೇ ಮಣ್ಣು ಬಿಡಿಸತೊಡಗಿದ. ಎಷ್ಟೋ ವರ್ಷಗಳ ಎಲೆ ಕೊಳೆತು ಆದ ಕಪ್ಪು ಮಣ್ಣು ಅದು. ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಹೆಣೆದುಕೊಂಡಿದ್ದವು. ಎಳೆಯ ಜಾಡು ಹಿಡಿದರೆ ಪಕ್ಕದ ಗಿಡದ ಬೇರು ಸಿಕ್ಕಿತು. ಅಲ್ಲಿಂದ ಅದರ ಪಕ್ಕದ ಗಿಡದ್ದು. ಗಾಳಿಗೆ ಎದುರಾಗಿ ನಿಂತಿದ್ದ ಆ ಗಿಡಗಳೆಲ್ಲ ಮಣ್ಣಿನೊಳಗೆ ಒಂದನ್ನೊಂದು ಹಿಡಿದುಕೊಂಡಿದ್ದವು. ಅವನಿಗೆ ತನ್ನ ಬಾವಿಕಟ್ಟೆಯಿಂದ ಹರಿದುಹೋದ ಕಪ್ಪು ನೀರು ನೆನಪಾಯಿತು.

ಹೊಸ ಗಿಡವನ್ನು ಕೀಳಲಿಲ್ಲ. ಬಿಡಿಸಿದ ಮಣ್ಣನ್ನು ಅದರ ಬುಡಕ್ಕೇ ಒತ್ತಿದ. ಇಳಿಜಾರಿನ ಅಂಚಿನಿಂದ ಒಂದಿಷ್ಟು ಮಣ್ಣನ್ನು ತನ್ನ ಶಲ್ಯದಲ್ಲಿ ಕಟ್ಟಿಕೊಂಡು ಬೆಟ್ಟ ಇಳಿದ. ಮನೆಗೆ ಬಂದವನು ಆ ದಿನ ಕಾಲನ್ನೂ ತೊಳೆಯದೆ ಅಂಗಳ ಹೊಕ್ಕ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ? ಹೂ ಬಿಟ್ಟಿತೇ?” ಎಂದು ಉಪೇಂದ್ರ ಪ್ರಭು ಕೇಳಿದ.

“ನಿನ್ನ ಸೊಸೆಯನ್ನು ಅವಳ ತಾಯಿ ಏನೆಂದು ಕರೆಯುತ್ತಿದ್ದಳು?”

ಉಪೇಂದ್ರ ಪ್ರಭು ಬಾಯಿ ತೆರೆದ. ಮದುವೆಯ ಕರೆಯೋಲೆಯನ್ನು ಮನೆಮನೆಗೆ ಹಂಚಿದವನು ಅವನೇ. ಅದರಲ್ಲಿದ್ದ ಹೆಸರು ನೆನಪಾಗಲಿಲ್ಲ.