ಮಗಳ ಹಾಡು ಇದ್ದ ಜಾಗ

“ಗುರುಗಳೇ, ನಿಮ್ಮಲ್ಲಿದ್ದ ವಿದ್ಯೆಯೆಲ್ಲ ನನಗೆ ಬಂದಿದೆ. ಇನ್ನು ಬೇರೆ ಊರಿಗೆ ಹೋಗಿ ನನ್ನದೇ ಮಠ ಕಟ್ಟಿಕೊಳ್ಳಲೇ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ನಕ್ಕರು. “ಎಲ್ಲ ಬಂತೇ? ಭಲೇ! ನನಗೇ ಇನ್ನೂ ಬಂದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದರು.

ಒಬ್ಬ ತಂದೆ ಇದ್ದ. ಅವನಿಗೆ ಒಬ್ಬಳೇ ಮಗಳು. ಚೆನ್ನಾಗಿ ಹಾಡುತ್ತಿದ್ದಳು. ತಾನೇ ಒಂದು ವೆಬ್‌ಸೈಟ್ ಮಾಡಿ, ಹಾಡಿದ್ದನ್ನೆಲ್ಲ ಅದರಲ್ಲಿ ಹಾಕಿದ್ದಳು. ಜ್ವರ ಬಂದು ಹುಡುಗಿ ತೀರಿಕೊಂಡಳು. ಅವಳ ದನಿ ಎಂದು ಲೋಕದಲ್ಲಿ ಉಳಿದದ್ದು ಅಲ್ಲಿ ಮಾತ್ರ. ತಾಯಿ ದಿನಾ ಬೆಳಗ್ಗೆ ಒಂದು ಹಾಡು ಕೇಳಿದ ಮೇಲೇ ಒಲೆ ಹಚ್ಚುತ್ತಿದ್ದಳು.

ಆ ವೆಬ್‌ಸೈಟನ್ನು ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿ ಹಳೆಯದು. ಪುಟ ತೆರೆಯುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಹೆಂಡತಿ ಕಾದು ಕಾದು ಕಣ್ಣೊರೆಸಿಕೊಳ್ಳುವುದನ್ನು ನೋಡಲಾರದೆ ತಂದೆ ಹೊಸ ಕಂಪನಿಯಲ್ಲಿ ಜಾಗ ತೆಗೆದುಕೊಂಡ. ಹೊಸ ವಿಳಾಸ ಸಿಕ್ಕಿತು. ಮಗಳು ಬರೆದ ಪುಟಗಳನ್ನೆಲ್ಲ ಅಲ್ಲಿಗೆ ಸಾಗಿಸಿದ. ತೆರೆದು ನೋಡಿದ, ಎಲ್ಲ ಪುಟವೂ ಬಂದಿತ್ತು. ಹಾಡು ಒತ್ತಿದ, ಮಗಳು ಹಾಡಿದಳು. ಒಂದೂ ಬಿಡದೆ ಕೇಳಿದ. ಪಾಪ, ಉಡಾಫೆ ಮಾಡಿದ ಅನ್ನುವ ಹಾಗಿಲ್ಲ.

ಅವನ ತಮ್ಮ, “ಅಣ್ಣಾ, ಹಳೆಯದನ್ನು ಸ್ವಲ್ಪ ದಿನ ಹಾಗೇ ಬಿಡು,” ಎಂದ.

“ಹೊಳೆ ದಾಟಿ ಆಯಿತಲ್ಲೋ, ಇನ್ನು ಅಂಬಿಗ ಯಾಕೆ?” ಎಂದು ತಂದೆ ಹಳೆಯ ಖಾತೆಯನ್ನು ಅಳಿಸಿಬಿಟ್ಟ.

ಮರುದಿನ ತಾಯಿ ಬಂದು ಕೂತಳು. ಪುಟ ಥಟ್ಟನೆ ತೆರೆಯಿತು. ಹಾಡಿನ ಹೆಸರಿತ್ತು, ದನಿ ಇಲ್ಲ. ಎಲ್ಲ ಹಾಡನ್ನೂ ಒತ್ತಿ ನೋಡಿದಳು. ಒಂದೂ ಬರಲಿಲ್ಲ.

ಆದದ್ದು ಇಷ್ಟೇ. ಅವನು ಸಾಗಿಸಿದ್ದು ಪುಟಗಳನ್ನು, ಹಾಡುಗಳು ಹಳೆಯ ಜಾಗದಲ್ಲೇ ಇದ್ದವು. ಹಾಡು ಇಂಥಲ್ಲಿದೆ ಎಂದು ಮಗಳು ಪ್ರತಿ ಪುಟದಲ್ಲೂ ಹಳೆಯ ವಿಳಾಸವನ್ನೇ ಬರೆದಿದ್ದಳು. ಹೊಸ ಪುಟದಲ್ಲಿ ಒತ್ತಿದಾಗಲೆಲ್ಲ ಹಾಡು ಬರುತ್ತಿದ್ದದ್ದು ಹಳೆಯ ಕಡೆಯಿಂದ. ತಂದೆ ಹಳೆಯ ಕಂಪನಿಗೆ ಫೋನ್ ಮಾಡಿ ಗೋಗರೆದ. ಅಳಿಸಿದ್ದನ್ನು ಮರಳಿ ತರಲು ಅವರಿಂದಲೂ ಆಗಲಿಲ್ಲ.

ತಾಯಿ ಅಳಲಿಲ್ಲ. “ಒಂದು ಸಲ ಮಣ್ಣಿಗಿಟ್ಟದ್ದು ಸಾಲದಾಗಿತ್ತೇ?” ಎಂದಳು. ಆಮೇಲೆ ಆ ಮನೆಯಲ್ಲಿ ಗಂಡ ಹೆಂಡಿರಿಗೆ ಮಾತಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಸಂಕಟವಾಯಿತು. “ತೆರೆದು ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತಲ್ಲ ಗುರುಗಳೇ! ಪಾಪ, ಅವನಿಗೆ ತಿಳಿಯುವುದಾದರೂ ಹೇಗೆ?” ಎಂದ.

ಗುರುಗಳು ಹೇಳಿದರು: “ನೀನು ತಡವರಿಸಿದಾಗಲೆಲ್ಲ ಬಂದು ಕೇಳಲು ನಾನು ಇನ್ನೂ ಬದುಕಿದ್ದೇನಲ್ಲಪ್ಪ, ಅದಕ್ಕೇ ನಿನಗೂ ಎಲ್ಲ ಬಂದ ಹಾಗೆ ಕಾಣುತ್ತಿದೆ.”